ಬೌನ್ಸ್ ಆಗದ ಮೇಲ್

ನೋಡಮ್ಮಾ, ಶನಿವಾರ ರಾತ್ರಿ ಮೊದಲ ಸಲ ನೀನೊಬ್ಬಳೇ ಸರ್ವರ್ ಮೈಗ್ರೇಟ್ ಮಾಡ್ತೀಯ ಅಂತ ತಿಳಿಯಿತು. ವೆಬ್‌ಸೈಟಿನ ಚಿಂತೆ ನನಗಿಲ್ಲ. ಅದು ಕೆಟ್ಟರೆ ಹತ್ತು ನಿಮಿಷದಲ್ಲಿ ಯಾರಾದರೂ ಫೋನ್ ಮಾಡುತ್ತಾರೆ. ಮೇಲ್ ಹಾಗಲ್ಲ. ಬರುತ್ತದೆಂದೇ ಗೊತ್ತಿಲ್ಲದ ಪತ್ರ ಬರಲಿಲ್ಲವೆಂದು ಯಾರು ದೂರು ಕೊಡುತ್ತಾರೆ?

ಬಹಳ ಹಿಂದೆ ನಾನೊಂದು ಶಾಲೆಯ ಡೊಮೇನನ್ನು ಹೊಸ ಸರ್ವರಿಗೆ ಸಾಗಿಸಿದೆ. ಜಿಮೇಲ್‌ನಿಂದ ಒಂದು ಮೇಲ್ ಕಳಿಸಿ ನೋಡಿದೆ, ತಲುಪಿತು, ಮನೆಗೆ ಹೋಗಿ ಮಲಗಿದೆ. ಆದರೆ ಶಾಲೆಗೆ ಪುಸ್ತಕ ಪೂರೈಸುವವರ ಡೊಮೇನೂ ಅದೇ ಹಳೆ ಸರ್ವರಿನಲ್ಲಿತ್ತು. ಆ ಸರ್ವರಿನ ಲೆಕ್ಕದಲ್ಲಿ ಶಾಲೆ ಇನ್ನೂ ತನ್ನ ಮನೆಯದೇ. ಎಂಎಕ್ಸ್ ರೆಕಾರ್ಡ್ ಬದಲಾಗಿದೆಯೇ ಎಂದು ಅದು ಕೇಳಲೇ ಇಲ್ಲ. ಅವರು ಕಳಿಸಿದ್ದನ್ನೆಲ್ಲ ತನ್ನೊಳಗಿನ ಹಳೆ ಮೇಲ್‌ಬಾಕ್ಸಿಗೆ ಹಾಕುತ್ತ ಹೋಯಿತು. ಬೌನ್ಸ್ ಇಲ್ಲ, ಎರರ್ ಇಲ್ಲ. ಹನ್ನೊಂದು ದಿನದ ಮೇಲೆ, ಪುಸ್ತಕವಿಲ್ಲದೆ ತರಗತಿ ಶುರುವಾದಾಗ, ವಿಷಯ ಹೊರಬಿತ್ತು. ಹೆಡ್‌ಮೇಷ್ಟ್ರು ಒಂದು ಮಾತೂ ಗದರಲಿಲ್ಲ. ಅದು ಇಂದಿಗೂ ಚುಚ್ಚುತ್ತದೆ.

ಅದಕ್ಕೇ ಹೇಳುತ್ತೇನೆ, ಎಂಎಕ್ಸ್ ಒಂದನ್ನೇ ನೋಡಿ ಸುಮ್ಮನಾಗಬೇಡ. ಎರಡೂ ಸರ್ವರುಗಳಲ್ಲಿ ಸಿಪ್ಯಾನೆಲ್ ತೆರೆದು ‘ಇಮೇಲ್ ರೂಟಿಂಗ್’ ನೋಡು. ಮೇಲ್ ಹೊಸ ಸರ್ವರಿಗೆ ಹೋಗುವುದಾದರೆ ಅಲ್ಲಿ ‘ಲೋಕಲ್’ ಇರಲಿ, ಹಳೆಯದರಲ್ಲಿ ಅದೇ ಕ್ಷಣ ‘ರಿಮೋಟ್’ ಮಾಡು. ಮೇಲ್ ಗೂಗಲ್ ವರ್ಕ್‌ಸ್ಪೇಸಿನಲ್ಲಿದ್ದು ಸೈಟ್ ಮಾತ್ರ ಸಾಗುವುದಾದರೆ ಎರಡೂ ಕಡೆ ‘ರಿಮೋಟ್’. ಇದು ತಪ್ಪಿದರೆ ಹೊರಗಿನ ಮೇಲ್ ಎಲ್ಲ ಸರಿಯಾಗಿ ಬರುತ್ತದೆ, ಸೈಟಿನ ಸಂಪರ್ಕ ಫಾರ್ಮ್ ಕಳಿಸಿದ್ದಕ್ಕೆ ಮಾತ್ರ ‘ಅಂಥ ಬಳಕೆದಾರರಿಲ್ಲ’ ಎಂದು 550 ಸಿಗುತ್ತದೆ.

ಟಿಟಿಎಲ್ 86400 ಇದ್ದರೆ ಶುಕ್ರವಾರ ಬೆಳಿಗ್ಗೆಯೇ 300ಕ್ಕೆ ಇಳಿಸು. ಶನಿವಾರ ಇಳಿಸಿದರೆ ಹಳೆಯ ಉತ್ತರವನ್ನು ನೆನಪಿಟ್ಟುಕೊಂಡವರು ಇಡೀ ದಿನ ಹಳೆ ಬಾಗಿಲಿಗೇ ಬರುತ್ತಾರೆ. ಎಸ್‌ಪಿಎಫ್‌ನಲ್ಲಿ ಹೊಸ ಐಪಿ ಸೇರಿಸು. ಆ ಐಪಿಯ ಪಿಟಿಆರ್ ನಮ್ಮ ಜೋನಿನಲ್ಲಿ ಇರುವುದಿಲ್ಲ, ಐಪಿ ಕೊಟ್ಟವರನ್ನೇ ಕೇಳಬೇಕು.

ಮಧ್ಯರಾತ್ರಿ ಏನೂ ತೋಚದಾದರೆ ಹೊಸ ಸರ್ವರಿನ ಎಕ್ಸಿಮ್ ನಿಲ್ಲಿಸಿಬಿಡು. ಹೆದರಬೇಡ. ಬಾಗಿಲು ಮುಚ್ಚಿದ್ದರೆ ಕಳಿಸುವ ಸರ್ವರು ಮೇಲನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಬರುತ್ತದೆ, ಸಾಮಾನ್ಯವಾಗಿ ನಾಲ್ಕೈದು ದಿನ. 550 ಕೊಟ್ಟರೆ ಅಲ್ಲಿಗೇ ಕೈಬಿಡುತ್ತದೆ. ತಪ್ಪು ಉತ್ತರಕ್ಕಿಂತ ಮೌನವೇ ಕ್ಷೇಮವಾದ ಅಪರೂಪದ ಜಾಗ ಇದು.

ಹಳೆ ಸರ್ವರನ್ನು ಒಂದು ವಾರವಾದರೂ ಆರಿಸಬೇಡ. ಆರಿಸುವ ದಿನ ಅಲ್ಲಿನ ಪ್ರತಿ ಮೇಲ್‌ಬಾಕ್ಸ್ ತೆರೆದು ಕೊನೆಯ ಮೇಲ್‌ನ ತಾರೀಖು ನೋಡು. ಶನಿವಾರದ ನಂತರದ್ದು ಒಂದೇ ಒಂದಿದ್ದರೂ ಐಮ್ಯಾಪ್ ಮೂಲಕ ಹೊಸದಕ್ಕೆ ಸಾಗಿಸಿ, ಅದು ಯಾರಿಗೆ ಬಂದಿತ್ತೋ ಅವರಿಗೆ ನೀನೇ ಫೋನ್ ಮಾಡಿ ತಿಳಿಸು.