ಹಳೆಯ ಡೀಸೆಲ್ ಜೀಪು: ಪಂಪಿಗೆ ಕೈ ಹಾಕುವ ಮುನ್ನ



ಕರೆದ ಹಾಲನ್ನು ಎಷ್ಟು ಬೇಗ 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸುತ್ತೇವೆಯೋ ಅಷ್ಟು ಚೆನ್ನಾಗಿ ಅದರ ಗುಣಮಟ್ಟ ಉಳಿಯುತ್ತದೆ. ಶೀತಲ ಘಟಕ ದೂರವಿರುವ ಕಡೆ ಕ್ಯಾನುಗಳನ್ನು ಸಾಗಿಸಲು ಇಂದಿಗೂ ಹಳೆಯ ಡೀಸೆಲ್ ವಾಹನಗಳನ್ನು ನಂಬಿದವರಿದ್ದಾರೆ. ಬೇಸಿಗೆಯಲ್ಲಿ ಅಂತಹ ಒಂದು ಜೀಪು ದಾರಿಯಲ್ಲಿ ಕೆಲವು ಗಂಟೆ ನಿಂತರೆ ಹಾಲು ಹುಳಿಯಾಗಿ, ಕುದಿಸುವ ಪರೀಕ್ಷೆಯಲ್ಲಿ ಒಡೆಯುತ್ತದೆ. ನಷ್ಟ ಜೀಪಿನ ಮಾಲೀಕನೊಬ್ಬನದಲ್ಲ, ಆ ಕ್ಯಾನಿಗೆ ಹಾಲು ಸುರಿದ ಎಲ್ಲರದು.

ಮೇವು ಬಿಟ್ಟ ಹಸುವಿಗೆ ಯಾರೂ ನೋಡಿದೊಡನೆ ಚುಚ್ಚುಮದ್ದು ಕೊಡುವುದಿಲ್ಲ. ಜ್ವರ, ಮೆಲುಕು, ಸಗಣಿ ನೋಡಿದ ನಂತರವೇ ಔಷಧಿ. ಇಂಜಿನ್ ವಿಷಯದಲ್ಲಿ ಮಾತ್ರ ಹೊಗೆ ಬಂತೆಂದರೆ ನೇರವಾಗಿ ಪಂಪು ಬಿಚ್ಚಿಸುತ್ತೇವೆ. ಖರ್ಚಿಲ್ಲದ ತಪಾಸಣೆ ಮೊದಲು, ಪಂಪು ಕೊನೆಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಇಲ್ಲಿ ಹೇಳುವುದು ಪ್ಯೂಜೋ ಇಂಜಿನ್ನಿನ ಮಹೀಂದ್ರ ಜೀಪು, ಡೀಸೆಲ್ ಅಂಬಾಸಿಡರ್ ಮುಂತಾದ, ಯಾಂತ್ರಿಕ ಪಂಪು ಇರುವ ಹಳೆಯ ಇಂಜಿನ್ನುಗಳಿಗೆ ಮಾತ್ರ ಅನ್ವಯಿಸುತ್ತದೆ. ಕಾಮನ್ ರೈಲ್ ಇರುವ ಹೊಸ ವಾಹನಗಳಲ್ಲಿ ಡೀಸೆಲ್ ಒತ್ತಡ ಬಹಳ ಹೆಚ್ಚು. ಅವುಗಳ ಪೈಪನ್ನು ಯಾವ ಕಾರಣಕ್ಕೂ ಸಡಿಲಿಸಬಾರದು.

ಇಂಜಿನ್ ಉರಿಯುವ ಬಗೆ

ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಇಂಜಿನ್ನಿನಂತೆ ಕಿಡಿ ಇಲ್ಲ. ಪಿಸ್ಟನ್ನು ಗಾಳಿಯನ್ನು ಸುಮಾರು ಇಪ್ಪತ್ತನೆಯ ಒಂದು ಭಾಗಕ್ಕೆ ಒತ್ತಿದಾಗ ಗಾಳಿ ಕಾಯುತ್ತದೆ. ಆ ಕಾದ ಗಾಳಿಗೆ ನಾಜಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಸಾಕಷ್ಟು ಗಾಳಿ, ಶುದ್ಧ ಡೀಸೆಲ್, ಸೋರಿಕೆಯಿಲ್ಲದ ಒತ್ತಡ ಈ ಮೂರರಲ್ಲಿ ಒಂದು ಕೆಟ್ಟರೂ ತೊಂದರೆ ಕಾಣಿಸುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ

1. ಬ್ಯಾಟರಿ: ಇಂಜಿನ್ ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿಯ ಶಾಖ ಗೋಡೆಗೆ ಹೀರಿಹೋಗುತ್ತದೆ. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿಮಾಡಿ ವ್ಯಾಸಲೀನ್ ಹಚ್ಚಿರಿ.

2. ಹೀಟರ್ ಪ್ಲಗ್: ಪ್ಲಗ್ ಇರುವ ಇಂಜಿನ್ನಿನಲ್ಲಿ ಅದರ ತಂತಿ ಬಿಚ್ಚಿ, ಬ್ಯಾಟರಿಯ ಪಾಸಿಟಿವ್ ಮತ್ತು ಪ್ಲಗ್ಗಿನ ತುದಿಯ ನಡುವೆ 12 ವೋಲ್ಟಿನ ಬಲ್ಬು ಹಿಡಿಯಿರಿ. ಬಲ್ಬು ಹತ್ತದಿದ್ದರೆ ಆ ಪ್ಲಗ್ ಸುಟ್ಟಿದೆ.

3. ನೀರು: ಅರ್ಧ ಖಾಲಿಯಿರುವ ಟ್ಯಾಂಕಿನ ಒಳಗೋಡೆಯಲ್ಲಿ ಮಳೆಗಾಲ, ಚಳಿಗಾಲಗಳಲ್ಲಿ ನೀರು ಹನಿಗಟ್ಟುತ್ತದೆ. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಸೀಸೆಗೆ ಹಿಡಿದು ಹತ್ತು ನಿಮಿಷ ಇಡಿ. ನೀರಿದ್ದರೆ ತಳದಲ್ಲಿ ನಿಲ್ಲುತ್ತದೆ.

4. ಗಾಳಿ ಎಳೆತ: ಇಂಜಿನ್ ಹೊತ್ತಿ ಒಂದೆರಡು ನಿಮಿಷಕ್ಕೆ ಆರಿದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರುವ ಸಂಭವ ಹೆಚ್ಚು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ, ಸ್ಕ್ರೂ ಬಿಗಿಮಾಡಿ. ಮತ್ತೆ ಮತ್ತೆ ಹೀಗಾದರೆ ಜೋಡಣೆಗಳ ತಾಮ್ರದ ವಾಷರುಗಳನ್ನು ಬದಲಿಸಿ.

ಹೊಗೆಯ ಬಣ್ಣ

ಕಪ್ಪು ಹೊಗೆ: ಗಾಳಿಗಿಂತ ಡೀಸೆಲ್ ಹೆಚ್ಚಾಗಿದೆ. ಮೊದಲು ಏರ್ ಫಿಲ್ಟರ್ ನೋಡಿ. ಆಯಿಲ್ ಬಾತ್ ಫಿಲ್ಟರಾದರೆ ಕೆಸರಾದ ಎಣ್ಣೆ ಚೆಲ್ಲಿ, ಬಟ್ಟಲು ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ತುಂಬಿರಿ. ಫಿಲ್ಟರ್ ಶುದ್ಧವಿದ್ದರೆ ನಾಜಲ್ ಪರೀಕ್ಷೆ ಮಾಡಿಸಿ.

ಬಿಳಿ ಹೊಗೆ: ಚಳಿಯಲ್ಲಿ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ಕಣ್ಣುರಿಸುವ ಬಿಳಿ ಹೊಗೆ ಉರಿಯದ ಡೀಸೆಲ್ಲಿನದು. ಹೀಟರ್ ಪ್ಲಗ್, ಟೈಮಿಂಗ್ ಇಲ್ಲವೇ ಒತ್ತಡದ ದೋಷ. ಬಿಳಿ ಹೊಗೆಯ ಜೊತೆಗೆ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನವಿರಲಿ. ಅಳತೆ ಕಡ್ಡಿಯ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಎಣ್ಣೆಗೆ ನೀರು ಸೇರಿದೆ. ಇಂಜಿನ್ ಓಡಿಸಲೇಬೇಡಿ.

ನೀಲಿ ಹೊಗೆ: ಇಂಜಿನ್ ಆಯಿಲ್ ಉರಿಯುತ್ತಿದೆ. ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೆ ವಾಲ್ವ್ ಸೀಲು. ಸದಾ ಬರುತ್ತಿದ್ದು, ಎಣ್ಣೆ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ಹೊರಬಂದರೆ ರಿಂಗು ಸವೆದಿರಬಹುದು.

ಒಂದು ಸಿಲಿಂಡರ್ ಸೋತಿದ್ದರೆ

ಇಂಜಿನ್ ತೊನೆಯುತ್ತ ಓಡಿದರೆ ಅನುಭವವಿರುವ ಮೆಕ್ಯಾನಿಕ್ ಐಡ್ಲಿಂಗ್‌ನಲ್ಲಿ ನಾಜಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ ಬಿಗಿಮಾಡುತ್ತಾನೆ. ಯಾವುದನ್ನು ಸಡಿಲಿಸಿದಾಗ ಇಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಆ ಒಂದು ನಾಜಲ್ ಪರೀಕ್ಷಿಸಿದರೆ ಸಾಕಾಗಬಹುದು, ನಾಲ್ಕನ್ನೂ ಕೊಳ್ಳಬೇಕಿಲ್ಲ. ನಾಜಲ್ ಸರಿಯಿದ್ದರೆ ಟ್ಯಾಪೆಟ್ ಸಂದು ಅಳೆಸಿ. ಸಂದು ತೀರ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರಿ, ಕೊನೆಗೆ ವಾಲ್ವೇ ಸುಡುತ್ತದೆ. ಸಂದಿನ ಅಳತೆ ಆಯಾ ಇಂಜಿನ್ನಿನ ಕೈಪಿಡಿಯಲ್ಲಿರುವಂತೆಯೇ ಇರತಕ್ಕದ್ದು.

ಪಂಪಿನ ಸೀಲು

"ಎಳೆತ ಇಲ್ಲ, ಸ್ವಲ್ಪ ಡೀಸೆಲ್ ಏರಿಸಿಕೊಡಿ" ಎಂದು ಪಂಪಿನ ಸೀಲು ಒಡೆಸುವ ರೂಢಿ ಒಳ್ಳೆಯದಲ್ಲ. ಫಿಲ್ಟರ್ ಕಟ್ಟಿರುವಾಗ ಡೀಸೆಲ್ ಏರಿಸಿದರೆ ಹೊಗೆ ಏರುತ್ತದೆ, ಶಕ್ತಿ ಏರುವುದಿಲ್ಲ. ಇಂಜಿನ್ ಕಾಯುತ್ತದೆ, ಮಸಿ ಕಟ್ಟುತ್ತದೆ, ಹೊಗೆ ತಪಾಸಣೆಯಲ್ಲೂ ಗಾಡಿ ಸೋಲುತ್ತದೆ. ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಕೀಲೆಣ್ಣೆಯಾದುದರಿಂದ ಸೀಮೆಎಣ್ಣೆ ಬೆರೆಸಿದರೆ ಅವು ಬೇಗ ಸವೆಯುತ್ತವೆ.

ಎಚ್ಚರಿಕೆಗಳು

* ನಾಜಲ್ ಸಿಂಪಡಿಸುವಾಗ ಅಡ್ಡ ಕೈ ಹಿಡಿಯಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಮಾಂಸ ಕೊಳೆತು ಬೆರಳನ್ನೇ ಕಳೆದುಕೊಳ್ಳಬಹುದು. ನೋವಿಗಾಗಿ ಕಾಯದೆ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿರಿ.
* ಬಿಸಿ ರೇಡಿಯೇಟರ್ ಮುಚ್ಚಳ ತೆರೆಯಬೇಡಿ.
* ಗಾಡಿಯನ್ನು ಮುಚ್ಚಿದ ಶೆಡ್ಡಿನಲ್ಲಾಗಲಿ ಕೊಟ್ಟಿಗೆಯಲ್ಲಾಗಲಿ ಓಡುಬಿಡಬೇಡಿ. ಹೊಗೆ ಜನಕ್ಕೂ ದನಕ್ಕೂ ಅಪಾಯ.
* ಡೀಸೆಲ್ ಡಬ್ಬಿಯನ್ನು ಹಾಲಿನ ಕ್ಯಾನಿನ ಪಕ್ಕ ಇಡಬೇಡಿ. ಹಾಲು ವಾಸನೆಯನ್ನು ಬೇಗ ಹೀರುತ್ತದೆ. ಗಾಡಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕ್ಯಾನು ಮುಟ್ಟಬೇಡಿ.

ಒಟ್ಟಿನಲ್ಲಿ ಬ್ಯಾಟರಿ, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಗಾಳಿ ಎಳೆತ, ನಾಜಲ್, ಟ್ಯಾಪೆಟ್, ಕಡೆಗೆ ಪಂಪು ಎಂಬ ಕ್ರಮವನ್ನು ಗಾಡಿಯ ಡ್ಯಾಷ್‌ಬೋರ್ಡಿನ ಒಳಗೆ ಬರೆದು ಅಂಟಿಸಿಕೊಳ್ಳಿರಿ. ಗಾಡಿ ನಿಂತೇಬಿಟ್ಟರೆ ಮೊದಲು ಕ್ಯಾನುಗಳನ್ನು ನೆರಳಿಗೆ ಇಳಿಸಿ, ಒದ್ದೆ ಗೋಣಿಚೀಲ ಸುತ್ತಿ, ಬೇರೆ ಗಾಡಿ ತರಿಸಿ. ರಿಪೇರಿ ನಂತರ ಆಗಲಿ.

– ಪಶುವೈದ್ಯ ವಿಸ್ತರಣಾಧಿಕಾರಿ