ತಂತಿ ಹಾಕಿದರೂ ಬಚ್ಚಲು ಮತ್ತೆ ಕಟ್ಟುತ್ತದೆ, ಏಕೆ?

ಅಕ್ಕಾರೇ, ಪ್ಲಂಬರ್ ತಂತಿ ಹಾಕಿ ಹೋದ ಹದಿನೈದು ದಿನಕ್ಕೆ ಸಿಂಕು, ಬಚ್ಚಲು ಎರಡೂ ತುಂಬುತ್ತವೆ ಎಂದು ಬರೆದಿದ್ದೀರಿ. ಬರೀ ಸಿಂಕು ಕಟ್ಟಿದ್ದರೆ ಕಸ ಅದರ ಕೆಳಗೇ ಸಿಗುತ್ತಿತ್ತು. ಎರಡೂ ತುಂಬುವುದರಿಂದ ಅಂಗಳದ ಚೇಂಬರ್ ಮುಚ್ಚಳ ತೆಗೆಸಿ ನೋಡಿ. ಅಲ್ಲಿ ನೀರು ನಿಂತಿದ್ದರೆ ತೊಂದರೆ ಅದರಾಚೆ, ಬೀದಿಯ ಕಡೆಗಿದೆ. ಪಾಲಿಕೆಗೆ ದೂರು ಕೊಡಿ. ಒಣಗಿದ್ದರೆ ದೋಷ ನಿಮ್ಮ ಪೈಪಿನದೇ.

ನನ್ನ ಅನುಮಾನ ಮಣ್ಣಿನ ಮೇಲೆ. ಹುಬ್ಬಳ್ಳಿಯ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಹೂತ ಪೈಪು ನಡುವೆ ಕುಸಿದು ತಗ್ಗು ಬೀಳುತ್ತದೆ. ಶೇಂಗಾ ಎಣ್ಣೆಯ ಜಿಡ್ಡು, ಚಹಾಪುಡಿಯ ಚರಟ, ತಲೆಗೂದಲು ಎಲ್ಲ ಅಲ್ಲೇ ಠಿಕಾಣಿ ಹೂಡುತ್ತವೆ. ಐದಾರು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಚರಿಗೆಯಿಂದ ಅಳೆದು ಚೆಲ್ಲುವ ನೀರಿಗೆ ಅದನ್ನು ತಳ್ಳುವ ಕಸುವೆಲ್ಲಿ? ತಂತಿ ದಾರಿ ಮಾಡಿಕೊಡುತ್ತದೆ, ತಗ್ಗನ್ನು ತುಂಬುವುದಿಲ್ಲ. ಆ ತುಂಡನ್ನು ಅಗೆಸಿ, ಕೆಳಗೆ ಉಸುಕು ಹಾಸಿ, 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿಯಂತೆ ಇಳಿಜಾರು ಕೊಡಿಸಿ. ಖರ್ಚು ಬರುತ್ತದೆ, ನಿಜ. ವರ್ಷವಿಡೀ ಪ್ಲಂಬರ್‌ಗೆ ಕೊಟ್ಟದ್ದನ್ನೂ ಒಮ್ಮೆ ಕೂಡಿಸಿ ನೋಡಿ.

ಕಾಸ್ಟಿಕ್ ಪುಡಿ ಹಾಕಿದ ಮೇಲೆ ಆ್ಯಸಿಡ್ ಸುರಿಯಲೇಬೇಡಿ, ಕುದಿದು ಮುಖಕ್ಕೆ ಸಿಡಿಯುತ್ತದೆ. ಜಿಡ್ಡಿನ ಬೋಗುಣಿಯನ್ನು ತೊಳೆಯುವ ಮೊದಲು ಹಳೆ ಕಾಗದದಿಂದ ಒರೆಸಿ. ‘ಇನ್ನೂರು ಕೊಡ್ರಿ, ನಾನೇ ಇಳೀತೀನಿ’ ಎಂದು ಯಾರಾದರೂ ಮ್ಯಾನ್‌ಹೋಲ್ ಹತ್ತಿರ ಬಂದರೆ ಬೇಡವೆನ್ನಿ. ಒಳಗಿನ ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ. ಹಾಗೆ ಇಳಿಸುವುದು 2013ರ ಕಾಯ್ದೆಯಡಿ ಅಪರಾಧವೂ ಹೌದು. ಯಂತ್ರದ ಗಾಡಿಯನ್ನೇ ಕರೆಸಿ.