ಮೂರು ಬಾಟಲಿ ಹೊಡೆದರೂ ಸಾಯದ ನುಸಿ

ಕ್ಲಬ್ ಕಾರ್ಯಕ್ರಮಕ್ಕೆ ಗುಲಾಬಿ ಗಿಡ ತರೋಣ ಅಂತ ಹತ್ತಿರದ ನರ್ಸರಿಗೆ ಹೋಗಿದ್ವಿ. ಅರ್ಧ ಗಿಡಗಳ ಎಲೆ ಮೇಲೆ ಬಿಳಿ ಚುಕ್ಕೆ, ಕೆಳಗೆ ತೆಳುವಾದ ಬಲೆ. "ಮೈಟ್ಸ್ ಕಣ್ರಪ್ಪಾ. ಮೂರು ಥರ ಔಷಧಿ ಹೊಡೆದೆ, ಡೋಸೂ ಜಾಸ್ತಿ ಮಾಡಿದೆ, ಹೋಗ್ತಾನೇ ಇಲ್ಲ" ಅಂದ್ರು ನರ್ಸರಿ ಅಣ್ಣ. ಔಷಧಿ ಹೊಡೆಯುವಾಗ ಅವರ ಮುಖಕ್ಕೆ ಬರೀ ಒಂದು ಟವೆಲ್. ಹಾಗಾದ್ರೆ ತಪ್ಪಿದ್ದೆಲ್ಲಿ?

ಮೈಟ್ಸ್ ಅಂದ್ರೆ ಜೇಡ ನುಸಿ. ಇದು ಕೀಟ ಅಲ್ಲ, ಎಂಟು ಕಾಲಿನ ಜೇಡದ ಸಂಬಂಧಿ. ಉದ್ದ ಸುಮಾರು ಅರ್ಧ ಮಿಲಿಮೀಟರ್. ಬಿಸಿಯಾದ ಒಣ ಹವೆಯಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ಹೆಚ್ಚುಕಡಿಮೆ 8-10 ದಿನ ಸಾಕು.

ನುಸಿಗೆ ಔಷಧಿ 'ಅಭ್ಯಾಸ' ಆಗುತ್ತೆ ಅಂತ ನಾವೂ ಅಂದ್ಕೊಂಡಿದ್ವಿ. ಹಾಗಲ್ಲ. ಒಂದು ಲೆಕ್ಕ ಮಾಡೋಣ. 1000 ನುಸಿಗಳಲ್ಲಿ 2ಕ್ಕೆ ಮಾತ್ರ ಹುಟ್ಟಿನಿಂದಲೇ ಇರುವ ಜೀನ್ ಬದಲಾವಣೆಯಿಂದ ಆ ಔಷಧಿ ತಟ್ಟಲ್ಲ ಅಂತಿಟ್ಕೊಳ್ಳಿ. ಹೊಡೆದ ಮೇಲೆ 998 ಸತ್ತವು. ಉಳಿದ ಒಂದು ಹೆಣ್ಣು ನೂರರಷ್ಟು ಮೊಟ್ಟೆ ಇಡಬಲ್ಲದು. ಮುಂದಿನ ಪೀಳಿಗೆ ಪೂರ್ತಿ ಅದರ ಮಕ್ಕಳೇ. ಅಂದರೆ ಔಷಧಿ ನುಸಿಯನ್ನು ಬದಲಾಯಿಸಲಿಲ್ಲ, ಗಟ್ಟಿಯಾದದ್ದನ್ನು ಆರಿಸಿಕೊಟ್ಟಿತು.

ಇನ್ನೊಂದು ವಿಷಯ. ಗಂಡು ನುಸಿ ಹುಟ್ಟೋದು ಫಲಿತವಾಗದ ಮೊಟ್ಟೆಯಿಂದ, ಹಾಗಾಗಿ ಅದರಲ್ಲಿ ಪ್ರತಿ ಜೀನ್‌ನ ಒಂದೇ ಪ್ರತಿ. ನಮ್ಮಲ್ಲಿರುವಂಥ ಬ್ಯಾಕಪ್ ಪ್ರತಿ ಇಲ್ಲ. ನಿರೋಧಕ ಜೀನ್ ಸಿಕ್ಕರೆ ಮುಚ್ಚಿಹೋಗದೆ ತಕ್ಷಣ ಕೆಲಸ ಮಾಡುತ್ತೆ, ಅದರ ಹೆಣ್ಣುಮಕ್ಕಳಿಗೆಲ್ಲ ಹೋಗುತ್ತೆ.

ಈಗ ಅಣ್ಣನ ಬಾಟಲಿಗಳನ್ನು ನೋಡೋಣ. ಎರಡು ಬೇರೆ ಬ್ರ್ಯಾಂಡ್, ಎರಡರಲ್ಲೂ ಫೆನ್‌ಪೈರಾಕ್ಸಿಮೇಟ್. ಮೂರನೆಯದು ಫೆನಾಜಾಕ್ವಿನ್. ಹೆಸರು ಬೇರೆ, ಆದರೆ ಎರಡೂ ರಾಸಾಯನಿಕ ತಡೆಯೋದು ಮೈಟೊಕಾಂಡ್ರಿಯಾದ ಒಂದೇ ಭಾಗವನ್ನು. ಐಆರ್‌ಎಸಿ ಪಟ್ಟಿಯಲ್ಲಿ ಎರಡೂ 21ಎ ಗುಂಪು. ಅಂದರೆ ಅಣ್ಣ ಔಷಧಿ ಬದಲಾಯಿಸಿರಲಿಲ್ಲ, ಲೇಬಲ್ ಬದಲಾಯಿಸಿದ್ರು ಅಷ್ಟೇ. ಡೋಸ್ ಏರಿಸಿದಾಗ ಗಟ್ಟಿ ನುಸಿ ಉಳಿಯಿತು, ಹೆಚ್ಚಿನ ವಿಷ ಅವರ ಉಸಿರಿಗೆ ಹೋಯಿತು.

ಬದಲಾಯಿಸಬೇಕಾದದ್ದು ಗುಂಪನ್ನು. ಅಬಾಮೆಕ್ಟಿನ್ 6ನೇ ಗುಂಪು, ಸ್ಪೈರೊಮೆಸಿಫೆನ್ 23ನೇ ಗುಂಪು. ಲೇಬಲ್‌ನಲ್ಲಿ ಹೇಳಿದ ಡೋಸನ್ನೇ, ಎಲೆಯ ಕೆಳಭಾಗಕ್ಕೆ ತಾಗುವ ಹಾಗೆ, ಮಾಸ್ಕ್ ಮತ್ತು ಗ್ಲೌಸ್ ಹಾಕಿಕೊಂಡು ಹೊಡೆಯಬೇಕು. ತುಂಬಾ ಹಾಳಾದ ಗಿಡ ಕಿತ್ತುಹಾಕೋದು ಉತ್ತಮ. ಜೇಡ ನುಸಿಯನ್ನೇ ತಿನ್ನುವ ಬೇರೆ ನುಸಿಗಳೂ ಇವೆ. ಸಿಕ್ಕಿದ ಔಷಧಿಯನ್ನೆಲ್ಲ ಹೊಡೆದರೆ ಮೊದಲು ಸಾಯೋದು ಆ ಸ್ನೇಹಿತರೇ ಇರಬಹುದು.

ನಿರೋಧಕ ನುಸಿ ಗಿಡದ ಜೊತೆಗೇ ಊರೂರಿಗೆ ಹೋಗುತ್ತೆ. ಅದಕ್ಕೇ ನಾವು ತಂದ ಎರಡು ಗಿಡಗಳನ್ನು ಕ್ಯಾಂಪಸ್ ತೋಟದಿಂದ ದೂರ ಇಟ್ಟಿದ್ದೀವಿ. ವಾರಕ್ಕೆರಡು ಸಲ ಬಿಳಿ ಹಾಳೆ ಮೇಲೆ ಎಲೆ ತಟ್ಟಿ ನೋಡ್ತೀವಿ. ಚುಕ್ಕೆ ನಡೆದಾಡಿದ್ರೆ ಅದು ನುಸಿ. ಅಣ್ಣನಿಗೆ ಗುಂಪುಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಕೊಟ್ಟಿದ್ದೀವಿ.